ಬೀಗದಕ್ಕ ಬರೆದುಕೊಟ್ಟ ಅನುಮತಿ

ಎದುರಿಗೆ ಸಿಕ್ಕಾಗ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಬೀಗದಕ್ಕ. ಇಡೀ ಕಾರ್ಖಾನೆಯಲ್ಲಿ ಯಾರು ಯಾವ ಬಾಗಿಲಿನಿಂದ ಒಳಗೆ ಹೋದರು, ಎಷ್ಟು ಹೊತ್ತಿಗೆ ಹೊರಗೆ ಬಂದರು ಎಂಬುದೆಲ್ಲ ಬಾಯಿಪಾಠವಾಗಿದ್ದವಳಿಗೆ ತನ್ನ ಅಡ್ಡಹೆಸರು ಗೊತ್ತಿಲ್ಲದೆ ಇರುತ್ತದೆಯೇ? ಕೇಳಿಯೂ ಕೇಳದವಳ ಹಾಗೆ ಇದ್ದುಬಿಡುತ್ತಿದ್ದಳು. ಹಾಗೆ ಇರುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು ಅನ್ನಿ.

ಕಾರ್ಖಾನೆ ದೊಡ್ಡದೇನಲ್ಲ. ನೂರಿಪ್ಪತ್ತು ಜನ, ಎರಡು ಮಹಡಿ, ಹಿಂದುಗಡೆ ಲೇತ್ ಯಂತ್ರಗಳ ಶೆಡ್ಡು. ಅಲ್ಲಿ ಪಂಪಿನ ಬಿಡಿಭಾಗ ತಯಾರಾಗುತ್ತದೆ ಎಂದು ಹೊರಗಿನವರು ತಿಳಿದಿದ್ದರು, ಅದು ಸುಳ್ಳೂ ಅಲ್ಲ. ಆದರೆ ಮೇಲಿನ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಸರ್ಕಾರ ಗುತ್ತಿಗೆಗೆ ಕೊಟ್ಟ ಗುಪ್ತ ಕೆಲಸ ನಡೆಯುತ್ತಿದ್ದುದು ಅಲ್ಲಿ. ಆ ನಕ್ಷೆಗಳು ಯಾವುದರವು ಎಂಬುದು ಒಳಗಿನ ಒಂಬತ್ತು ಜನರಿಗೆ ಬಿಟ್ಟರೆ ಇನ್ಯಾರಿಗೂ ತಿಳಿಯದು, ಹೇಳುತ್ತಿರುವ ನನಗೂ ತಿಳಿಯದು. ಸರ್ಕಾರದ ಗುಟ್ಟು ಖಾಸಗಿಯವರ ಕೈಗೆ ಬಂದ ಮೇಲೆ ಅದನ್ನು ಕಾಯಲು ಒಬ್ಬರು ಬೇಕಲ್ಲ, ಆ ಕೆಲಸ ಬೀಗದಕ್ಕನದು. ಭದ್ರತಾ ಅಧಿಕಾರಿ ಎಂದು ಅವಳ ಬಾಗಿಲ ಮೇಲೆ ಬರೆದಿತ್ತು.

ಕೆಲಸವೆಂದರೆ ಬಂದೂಕು ಹಿಡಿದು ನಿಲ್ಲುವುದೇನಲ್ಲ, ಬರೀ ಕಾಗದ ಮತ್ತು ಸಹಿ. ಬೆಳಿಗ್ಗೆ ಕಬ್ಬಿಣದ ಕಪಾಟು ತೆಗೆದವರು ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕಬೇಕು. ಸಂಜೆ ಮುಚ್ಚಿದವರದೊಂದು ಸಹಿ, ಮುಚ್ಚಿದ್ದು ನಿಜವೇ ಎಂದು ಎಳೆದು ನೋಡಿದವರದು ಇನ್ನೊಂದು. ಫೋನುಗಳು ಬಾಗಿಲ ಹೊರಗಿನ ಮರದ ಗೂಡುಗಳಲ್ಲೇ ಇರಬೇಕು. ಹೊರಗಿನವರು ಬಂದರೆ ಶೌಚಾಲಯದವರೆಗೂ ಜೊತೆಗೆ ಒಬ್ಬರು ಹೋಗಬೇಕು. ಬೇಡವಾದ ಕಾಗದವನ್ನು ಕತ್ತರಿಸುವ ಯಂತ್ರಕ್ಕೆ ಹಾಕುವಾಗಲೂ ಇಬ್ಬರು ನಿಂತು ಸಹಿ ಮಾಡಬೇಕು. ಕಪಾಟಿನ ನಂಬರ್ ಬೀಗದ ಅಂಕಿಗಳನ್ನು ಆರು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರು. ಅವು ತಲೆಯೊಳಗೆ ಮಾತ್ರ ಇರಬೇಕು, ಎಲ್ಲೂ ಬರೆದಿಡುವ ಹಾಗಿಲ್ಲ. ಇಪ್ಪತ್ತನಾಲ್ಕು ವರ್ಷ ಅವಳು ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನಡೆಸಿದಳು.

ಅವಳ ಗಂಡ ಇದಕ್ಕೆ ಸರಿಯಾಗಿ ಉಲ್ಟಾ. ಕಾರು ಓಡಿಸಲು ಕಲಿಸುವ ಶಾಲೆ ಅವನದು. ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಕ್ಲಚ್ಚು ಬಿಡಿ, ಬ್ರೇಕು ಒತ್ತಿ ಎನ್ನುವ ನಡುವೆಯೇ ಕಲಿಯುವವರ ಮನೆ ಸುದ್ದಿಯೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಅದನ್ನೆಲ್ಲ ಸಂಜೆ ಹೆಂಡತಿಯ ಮುಂದೆ ಹರಡಿಕೊಂಡು ಕೂರುತ್ತಿದ್ದ. ಕೊನೆಗೆ ಕೇಳುತ್ತಿದ್ದ, "ನಿಂದೇನು ಇವತ್ತು?"

"ಏನಿಲ್ಲ."

"ನಿನ್ನ ಬಾಯಿ ಬಿಡಿಸೋಕೆ ನಾನು ಇನ್ನೊಂದು ಜನ್ಮ ಎತ್ತಬೇಕು."

ಅವಳು ನಕ್ಕು ಎದ್ದು ಹೋಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನಿಗೆ ಬೇಜಾರಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಆ ಒಂಬತ್ತು ಜನರಲ್ಲಿ ಹಿರಿಯರು ನಕ್ಷೆ ಬರೆಯುವ ಒಬ್ಬರು. ನೀವೇನು ಕೆಲಸ ಮಾಡುತ್ತೀರಿ ಎಂದು ಯಾರೋ ಮದುವೆಮನೆಯಲ್ಲಿ ಕೇಳಿದ್ದಕ್ಕೆ "ಗೆರೆ ಎಳೀತೀನಿ" ಎಂದಷ್ಟೇ ಹೇಳಿ ಎದ್ದು ಕೈ ತೊಳೆಯಲು ಹೋಗಿದ್ದರಂತೆ. ಅಂದಿನಿಂದ ಅವರು ಗೆರೆ ಮೇಷ್ಟ್ರು. ಬೀಗದಕ್ಕನಿಗಿಂತ ಎಂಟು ವರ್ಷ ದೊಡ್ಡವರು. ಅವಳು ಹೊಸದಾಗಿ ಸೇರಿದಾಗ ಉಳಿದವರು ಮೂಗು ಮುರಿದರೆ, ಮೊದಲ ದಿನವೇ ತಮ್ಮ ಫೋನನ್ನು ತಾವಾಗಿ ತಂದು ಗೂಡಿನಲ್ಲಿಟ್ಟವರು ಇವರೊಬ್ಬರೇ. ಅವಳು ಅವರನ್ನು ಸ್ವಂತ ಅಣ್ಣನ ಹಾಗೆ ಕಂಡಳು, ಅವರ ಹೆಂಡತಿಯನ್ನು ಅತ್ತಿಗೆ ಎಂದೇ ಕರೆದಳು.

ವರ್ಷಕ್ಕೊಮ್ಮೆ ಕೋಣೆಯವರಿಗೆಲ್ಲ ಅವಳದೊಂದು ಪಾಠವಿರುತ್ತಿತ್ತು. ಪ್ರತಿ ಸಲವೂ ಅದೇ ಪಾಠ. "ಯಾರಾದ್ರೂ ಏನಾದ್ರೂ ಕೇಳಿದ್ರೆ ಮೊದಲು ಮೂರು ಪ್ರಶ್ನೆ. ಕೇಳ್ತಿರೋದು ಯಾರು? ಯಾಕೆ ಕೇಳ್ತಿದ್ದಾರೆ? ಅವರ ಹೆಸರು ಪಟ್ಟಿಯಲ್ಲಿದೆಯಾ? ಬಾಯಿಮಾತಿನ ಅನುಮತಿ ನಡೆಯಲ್ಲ. ಬರಹದಲ್ಲಿರಬೇಕು, ತಾರೀಕು ಇರಬೇಕು, ಎರಡು ಸಹಿ ಇರಬೇಕು. ಸಹಿ ಹಾಕಿದವರ ಹೆಸರು ಅನುಮತಿ ಇರೋರ ಪಟ್ಟಿಯಲ್ಲಿರಬಾರದು, ತಮಗೆ ತಾವೇ ಅನುಮತಿ ಕೊಟ್ಕೊಂಡ ಹಾಗಾಗುತ್ತೆ." ಹಿಂದಿನ ಸಾಲಿನವರು ಆಕಳಿಸುತ್ತಿದ್ದರು, ಒಬ್ಬ ತುಟಿಯಾಡಿಸಿ ಅವಳನ್ನೇ ಅಣಕಿಸುತ್ತಿದ್ದ. ಗೆರೆ ಮೇಷ್ಟ್ರು ಮಾತ್ರ ಮುಂದಿನ ಕುರ್ಚಿಯಲ್ಲಿ ಕೂತು ಪ್ರತಿ ವರ್ಷವೂ ಮೊದಲ ಸಲ ಕೇಳುವವರ ಹಾಗೆ ಕೇಳುತ್ತಿದ್ದರು.

ಅವರ ಕೈ ತಪ್ಪಲು ಶುರುವಾದದ್ದು ಸಣ್ಣದರಿಂದಲೇ. ಒಂದು ಸಂಜೆ ಕಪಾಟು ಮುಚ್ಚಿದ್ದಕ್ಕೆ ಹಾಳೆಯಲ್ಲಿ ಮೇಷ್ಟ್ರ ಸಹಿಯಿತ್ತು, ಆದರೆ ಅವಳು ಹಿಡಿಕೆ ಎಳೆದರೆ ಬಾಗಿಲು ತೆರೆದುಕೊಂಡಿತು. ಬೀಗದ ಅಂಕಿಚಕ್ರವನ್ನು ಅವರು ತಿರುಗಿಸಿರಲೇ ಇಲ್ಲ. ಅವಳು ತಾನೇ ತಿರುಗಿಸಿ ಸುಮ್ಮನಾದಳು. ಮೂರು ವಾರದಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು, ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಬೇರೆ ಯಾರೇ ಆಗಿದ್ದರೂ ಮೊದಲ ಸಲವೇ ಮೆಮೊ ಕೊಡುತ್ತಿದ್ದವಳು ಅವಳು.

ಮೂರನೆಯದು ಹೊಟ್ಟೆಗೆ ಹಾಕಿಕೊಳ್ಳುವಂಥದಾಗಿರಲಿಲ್ಲ. ಸಂಜೆ ಎಲ್ಲರ ಮೇಜು ನೋಡಿ ಬರುವುದು ಅವಳ ದಿನಚರಿ. ಮೇಷ್ಟ್ರ ಟೀ ಲೋಟ ಎತ್ತಿದರೆ ಅದರಡಿಯಲ್ಲಿ ಒಂದು ದಪ್ಪ ಚೀಟಿ. ಕಪಾಟಿನ ಅಂಕಿಗಳು ಅದರಲ್ಲಿದ್ದವು. ಅದೂ ಹೇಗೆ? ನಕ್ಷೆಯ ಮುದ್ದಾದ ಅಕ್ಷರಗಳಲ್ಲಿ, ನಾಲ್ಕೂ ಕಡೆ ಚೌಕಟ್ಟು ಎಳೆದು, ಬಲಗಡೆ ಕೆಳಮೂಲೆಯಲ್ಲಿ ಪುಟ್ಟ ಚೌಕ ಮಾಡಿ ತಾರೀಕು ಹಾಕಿ, "ಮೊದಲ ಆವೃತ್ತಿ" ಎಂದು ಬರೆದಿದ್ದರು. ಕಳ್ಳನಿಗೆ ಇದಕ್ಕಿಂತ ಅಚ್ಚುಕಟ್ಟಾಗಿ ಯಾರೂ ಬರೆದುಕೊಡಲಾರರು. ಬೇರೆ ಹೊತ್ತಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳೇನೋ. ಚೀಟಿಯನ್ನು ಮಡಿಸಿ ತನ್ನ ಕೋಣೆಯಲ್ಲಿ ಬೀಗ ಹಾಕಿಟ್ಟಳು.

ಮರುದಿನ ಬೆಳಿಗ್ಗೆ ಅವರನ್ನು ತನ್ನ ಕೋಣೆಗೆ ಕರೆದು ಚೀಟಿ ಮುಂದಿಟ್ಟಳು. "ಇದೇನು ಮೇಷ್ಟ್ರೇ?"

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇದು ನನ್ನ ಅಕ್ಷರ," ಎಂದರು.

"ಹೌದು."

"ನಾನು ಯಾವಾಗ ಬರೆದೆ?"

ಅವರು ನಾಟಕ ಆಡುವ ಆಸಾಮಿಯಲ್ಲ. ಆ ಮುಖದಲ್ಲಿದ್ದ ಗಾಬರಿ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು. ಅವರ ತಲೆ ಅವರ ಮಾತು ಕೇಳುವುದನ್ನು ಬಿಟ್ಟಿತ್ತು.

ಈಗ ಒಂದು ನಿಯಮದ ಮಾತು ಹೇಳಲೇಬೇಕು. ಗುಪ್ತ ಕೋಣೆಗೆ ಹೋಗುವ ಪ್ರತಿಯೊಬ್ಬರ ಪೂರ್ವಾಪರವನ್ನೂ ಸರ್ಕಾರ ಜಾಲಾಡಿ ಒಂದು ಪರವಾನಗಿ ಕೊಡುತ್ತದೆ. ಅದಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಕುಂದು ಬರುವಂಥದ್ದೇನಾದರೂ ಕಂಡರೆ, ಕುಡಿತವಿರಲಿ, ಕಾಯಿಲೆಯಿರಲಿ, ಕಂಡವರು, ಭದ್ರತಾ ಅಧಿಕಾರಿಯಾಗಲಿ ಜೊತೆಯವರಾಗಲಿ, ಒಂದೇ ದಿನದೊಳಗೆ ಮೇಲಿನವರಿಗೆ ಬರೆಯಬೇಕು. ಬರೆದವರು ಯಾರೆಂಬುದನ್ನು ಯಾರಿಗೂ ಹೇಳುವ ಹಾಗಿಲ್ಲ. ಬೀಗದಕ್ಕ ಆ ದಿನವಿಡೀ ಬಾಲ ಸುಟ್ಟ ಬೆಕ್ಕಿನ ಹಾಗೆ ಕಾರಿಡಾರಿನಲ್ಲಿ ತಿರುಗಾಡಿದಳು. ಮೇಷ್ಟ್ರ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು. ಹನ್ನೊಂದು ತಿಂಗಳು ತಾನೇ ಅವರ ಹಿಂದೆ ನಿಂತು ಬೀಗ ತಿರುಗಿಸಿದರೆ ಆಗದೇ ಎಂದುಕೊಂಡಳು. ಆಗುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಸಂಜೆ ಐದಕ್ಕೆ ಕೂತು ಹನ್ನೊಂದು ಸಾಲು ಬರೆದಳು, ಸಹಿ ಹಾಕಿದಳು, ಲಕೋಟೆಗೆ ಅಂಟು ಹಚ್ಚಿದಳು. ಮನೆಯಲ್ಲಿ ಗಂಡ ಕೇಳಿದಾಗ ಏನಿಲ್ಲ ಎಂದಳು.

ಇಪ್ಪತ್ತು ದಿನದಲ್ಲಿ ಪರವಾನಗಿ ಹೋಯಿತು. ಹೊರಡುವ ದಿನ ಮೇಷ್ಟ್ರು ಅವಳ ಎದುರಿಗೇ ಕೂತು ಕೊನೆಯ ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಇಲ್ಲಿ ತಿಳಿದದ್ದನ್ನು ಬದುಕಿರುವವರೆಗೆ ಯಾರಿಗೂ ಹೇಳುವುದಿಲ್ಲ ಎಂಬ ಕಾಗದ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು, "ನನ್ನ ವಿಷಯ ಮೇಲಕ್ಕೆ ಹೇಳಿದ್ದು ಯಾರು ಅಂತ ಕೇಳಬಹುದಾ ಅಮ್ಮಾ?"

"ಹೇಳೋ ಹಾಗಿಲ್ಲ ಮೇಷ್ಟ್ರೇ."

"ಸರಿ, ಸರಿ. ನಾನು ಕೇಳಬಾರದಿತ್ತು." ತಪ್ಪು ಮಾಡಿದವರ ಹಾಗೆ ತಲೆಯಾಡಿಸಿದರು. ಆಮೇಲೆ ಗೂಡಿನಿಂದ ಫೋನು ತೆಗೆದುಕೊಂಡು ಮೆಟ್ಟಿಲಿಳಿದರು. ಅವಳು ಬಾಗಿಲು ಮುಚ್ಚಿಕೊಂಡು ಅತ್ತಳು.

ಅಂದಿನಿಂದ ನಾಲ್ಕು ವರ್ಷ, ಭಾನುವಾರ ತಪ್ಪದೆ ಅವಳು ಮೇಷ್ಟ್ರ ಮನೆಗೆ ಹೋದಳು. ಮೊದಮೊದಲು ಮನೆಯ ಡಬ್ಬಿಗಳ ಮೇಲೆಲ್ಲ ಅವರ ಚೀಟಿಗಳಿರುತ್ತಿದ್ದವು. ಸಕ್ಕರೆ, ಉಪ್ಪು, ಟೀ ಪುಡಿ, ಎಲ್ಲಕ್ಕೂ ಚೌಕಟ್ಟು, ಎಲ್ಲಕ್ಕೂ ತಾರೀಕು. ಬರಬರುತ್ತ ಚೀಟಿ ಬರೆಯುವುದು ನಿಂತಿತು, ಆಮೇಲೆ ಓದುವುದೂ ನಿಂತಹಾಗಾಯಿತು. ಮೂರನೆಯ ವರ್ಷ ಅವಳ ಮುಖ ನೋಡಿ, "ಬನ್ನಿ, ಕೂತ್ಕೊಳ್ಳಿ," ಎಂದು ಅಪರಿಚಿತರಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿದರು.

ಅವಳು ಹೋಗುತ್ತಿದ್ದುದು ಪ್ರೀತಿಯಿಂದ, ನಿಜ. ಆದರೆ ಮೇಲಿನವರಿಂದ ಒಂದು ಮಾತೂ ಬಂದಿತ್ತು. ಮರೆವಿನ ರೋಗಿ, ನಾಲಿಗೆ ಜಾರಬಹುದು, ಕಿವಿಗೊಟ್ಟಿರಿ ಎಂದು. ಹಾಗಾಗಿ ಅವಳು ಟೀ ಕುಡಿಯುತ್ತ, ಅವರು ಹಳೆಯದೇನಾದರೂ ಬಾಯಿಬಿಡುತ್ತಾರೋ ಎಂದು ಕಿವಿಯೆಲ್ಲ ಅಲ್ಲೇ ಇಟ್ಟು ಕೂರುತ್ತಿದ್ದಳು. ಮೇಷ್ಟ್ರು ತುಟಿಪಿಟಕ್ಕೆನ್ನಲಿಲ್ಲ. ಹೆಂಡತಿಯ ಹೆಸರು ಮರೆತರೂ ಆ ಕೋಣೆಯ ಒಂದು ಗೆರೆಯನ್ನೂ ಬಿಟ್ಟುಕೊಡಲಿಲ್ಲ. ಒಳಗೊಳಗೇ ಅವಳಿಗೆ ಹೆಮ್ಮೆಯಾಗುತ್ತಿತ್ತು. ಹೇಗಿದ್ದೀರಿ ಎಂದರೆ, ಚೆನ್ನಾಗಿದ್ದೀನಿ ಎನ್ನುತ್ತಿದ್ದರು. ಅವಳು ಅದನ್ನು ನಂಬಿಕೊಂಡು ಬರುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅತ್ತಿಗೆಯ ಫೋನು ಬಂತು. "ಆಸ್ಪತ್ರೆಯಲ್ಲಿದ್ದೀವಿ ತಂಗಿ. ಮೂರು ದಿನದಿಂದ ಊಟ ಬಿಟ್ಟಿದ್ದಾರೆ, ನರಳ್ತಾರೆ. ಎಲ್ಲಿ ನೋವು ಅಂದ್ರೆ ಹೇಳಲ್ಲ. ಮುಟ್ಟೋಕೂ ಬಿಡ್ತಿಲ್ಲ. ನೀವೊಂದ್ಸಲ ಬನ್ನಿ, ನಿಮ್ಮ ಮಾತು ಕೇಳ್ತಿದ್ರಲ್ಲ."

ಗಂಡ ಪಾಠ ನಿಲ್ಲಿಸಿ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಆರು ಮಂಚಗಳ ವಾರ್ಡು, ಮಂಚದಿಂದ ಮಂಚಕ್ಕೆ ಹಸಿರು ಪರದೆ. ಕಿಟಕಿ ಪಕ್ಕದ ಮಂಚದಲ್ಲಿ ಮೇಷ್ಟ್ರು ಮೊಣಕಾಲು ಎದೆಗೆ ಒತ್ತಿಕೊಂಡು, ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮಲಗಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಎಳೆ ವಯಸ್ಸಿನ ವೈದ್ಯೆಯೊಬ್ಬಳು ಬಗ್ಗಿ ನಿಧಾನಕ್ಕೆ ಕೇಳುತ್ತಿದ್ದಳು.

"ಎಲ್ಲಿ ನೋಯ್ತಿದೆ ಸರ್?"

"ಕೇಳ್ತಿರೋದು ಯಾರು?"

"ನಾನು ಡಾಕ್ಟರು ಸರ್."

"ಯಾಕೆ ಕೇಳ್ತಿದ್ದೀರಿ?"

"ಔಷಧಿ ಕೊಡೋಕೆ."

"ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ?"

ವೈದ್ಯೆ ಸುಸ್ತಾಗಿ ನೆಟ್ಟಗೆ ನಿಂತಳು. "ನಿನ್ನೆಯಿಂದ ಇದೇ ಆಯ್ತು. ಯಾವ ಪಟ್ಟಿ, ಏನು ಕತೆ, ಒಂದೂ ಗೊತ್ತಾಗ್ತಿಲ್ಲ. ಮಂಪರು ಬರೋ ಔಷಧಿ ಕೊಟ್ಟು ಪರೀಕ್ಷೆ ಮಾಡಬಹುದು, ಆದ್ರೆ ಇವರ ಹೃದಯ ತಡೆಯಲ್ಲ."

ಬೀಗದಕ್ಕನಿಗೆ ಗೊತ್ತಾಯಿತು. ಆ ಪ್ರಶ್ನೆಗಳು, ಆ ಅನುಕ್ರಮ, ಕೊನೆಯ ಪದದ ಮೇಲಿನ ಒತ್ತು ಕೂಡ ಅವಳದೇ. ಎಲ್ಲವೂ ಅಳಿಸಿಹೋದ ತಲೆಯಲ್ಲಿ ಅವಳ ಪಾಠವೊಂದೇ ಗಟ್ಟಿಯಾಗಿ ಉಳಿದಿತ್ತು. ಮಂಚದ ಹತ್ತಿರ ಹೋಗಿ ಹೇಳಿದಳು, "ಮೇಷ್ಟ್ರೇ, ನಾನು. ಇವರಿಗೆ ಹೇಳಬಹುದು, ಪರವಾಗಿಲ್ಲ."

ಮೇಷ್ಟ್ರು ಅವಳನ್ನು ದಿಟ್ಟಿಸಿದರು, ಗುರುತು ಸಿಗಲಿಲ್ಲ. ಹಲ್ಲು ಕಚ್ಚಿಕೊಂಡೇ ವಿನಯದಿಂದ ಹೇಳಿದರು, "ಬಾಯಿಮಾತಿನ ಅನುಮತಿ ನಡೆಯಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ."

ಅವಳು ನರ್ಸುಗಳ ಮೇಜಿಗೆ ಹೋಗಿ ಒಂದು ಬಿಳಿ ಹಾಳೆ ಕೇಳಿದಳು. ಅಳತೆಪಟ್ಟಿ ಇರಲಿಲ್ಲ, ಔಷಧಿ ಡಬ್ಬಿಯ ಅಂಚಿನಿಂದ ಚೌಕಟ್ಟು ಎಳೆದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಒಂದೇ ಒಂದು ಸುಳ್ಳು ಕಾಗದ ಬರೆದವಳಲ್ಲ. ತನ್ನ ಹುದ್ದೆಯ ಹೆಸರಿನಲ್ಲಿ ಇಲ್ಲದ ಅನುಮತಿ ಬರೆದದ್ದು ತಪಾಸಣೆಯವರಿಗೆ ಗೊತ್ತಾದರೆ ಅವಳ ಪರವಾನಗಿಯೂ ಹೋಗುತ್ತಿತ್ತು. ಬರೆದಳು. ವಿಷಯ: ದೇಹದ ನೋವು, ಅದು ಇರುವ ಜಾಗ, ಶುರುವಾದ ದಿನ. ಕೇಳಿ ತಿಳಿಯಲು ಅನುಮತಿ ಇರುವವರು: ಇವರ ಹೆಂಡತಿ. ತಿಳಿದದ್ದನ್ನು ಹೆಂಡತಿಯವರು ವೈದ್ಯರಿಗೆ ತಿಳಿಸಬಹುದು. ಕೆಳಗೆ ತಾರೀಕು ಹಾಕಿ ಸಹಿ ಮಾಡಿದಳು.

"ಎರಡನೇ ಸಹಿ ನೀವು ಹಾಕಿ ಡಾಕ್ಟ್ರೇ."

"ನಾನಾ? ನನ್ನ ಹೆಸರು ಮೇಲೇ ಸೇರಿಸಿಬಿಡಿ, ನೇರವಾಗಿ ನನಗೇ ಹೇಳಲಿ."

"ಸಹಿ ಹಾಕಿದವರು ಪಟ್ಟಿಯಲ್ಲಿರಬಾರದು. ಅವರು ಹಿಡಿದುಬಿಡ್ತಾರೆ."

ವೈದ್ಯೆ ನಗಲೂ ಆರದೆ ಅಳಲೂ ಆರದೆ ಸಹಿ ಹಾಕಿದಳು.

ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಗೆರೆ ಸೊಟ್ಟಗಿದೆ," ಎಂದರು. ಆಮೇಲೆ ಬೆರಳಿಟ್ಟುಕೊಂಡು ಓದತೊಡಗಿದರು. ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಬೆರಳು ಇಳಿದಿಳಿದು ಸಹಿಯ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

"ಈ ಸಹಿ ನನಗೆ ಗೊತ್ತು," ಎಂದರು.

ಅವರ ಕೆಲಸ ಕಳೆದ ಹನ್ನೊಂದು ಸಾಲಿನ ಕೆಳಗೆ ಇದ್ದದ್ದೂ ಅದೇ ಸಹಿ. "ಯಾರದು ಮೇಷ್ಟ್ರೇ?"

"ನಮ್ಮ ಬೀಗದಕ್ಕಂದು. ಈಕೆ ಸಹಿ ಹಾಕಿದ್ರೆ ಸರಿಯಾಗೇ ಇರುತ್ತೆ. ನೋಡದೆ ಹಾಕೋಳಲ್ಲ." ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಅವಳ ಕಡೆ ತಿರುಗಿದರು. "ನೀವು ಸ್ವಲ್ಪ ಆಚೆ ನಿಲ್ಲಬೇಕು. ನಿಮ್ಮ ಹೆಸರು ಇದರಲ್ಲಿಲ್ಲ."

ಅವಳು ಹೊರಗೆ ಬಂದಳು. ಪರದೆಯ ಹಿಂದೆ ನಿಂತರೆ ಕೇಳಿಸುತ್ತದೆಂದು ಕಾರಿಡಾರಿನ ಆ ತುದಿಯವರೆಗೆ ನಡೆದು ಗೋಡೆಗೆ ಒರಗಿ ನಿಂತಳು. ಎಷ್ಟೋ ಜನರನ್ನು ಅವಳು ಹೀಗೆ ಬಾಗಿಲಾಚೆ ನಿಲ್ಲಿಸಿದ್ದಳು. ನಿಂತವರಿಗೆ ಏನನ್ನಿಸುತ್ತದೆಂದು ಯಾವತ್ತೂ ಯೋಚಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದರು. ಮೊದಲು ವೈದ್ಯೆಗೆ ಹೇಳಿದರು, ವೈದ್ಯೆ ಸರಸರನೆ ಒಳಗೆ ಹೋದಳು. ಆಮೇಲೆ ಇವಳ ಕೈ ಹಿಡಿದುಕೊಂಡರು. "ಬಲಗಡೆ, ಪಕ್ಕೆಲುಬಿನ ಕೆಳಗೆ. ಐದು ತಿಂಗಳಿಂದ ಇದೆಯಂತೆ ತಂಗಿ. ಯಾಕ್ರೀ ಹೇಳಲಿಲ್ಲ ಅಂದೆ. ಅನುಮತಿ ಇರೋರು ಯಾರೂ ಕೇಳಲಿಲ್ಲ ಅಂದ್ರು."

ಐದು ತಿಂಗಳೆಂದರೆ ಏನಿಲ್ಲವೆಂದರೂ ಇಪ್ಪತ್ತು ಭಾನುವಾರ. ಇಪ್ಪತ್ತು ಸಲ ಅವಳು ಅವರ ಎದುರಿಗೆ ಕಿವಿ ತೆರೆದು ಕೂತಿದ್ದಳು.

ರೋಗ ಆಗಲೇ ಕೈಮೀರಿತ್ತು. ಐದು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ವೈದ್ಯೆ ಕಡ್ಡಿ ಮುರಿದ ಹಾಗೆ ಹೇಳಿದಳು. ಮೇಷ್ಟ್ರು ಇನ್ನೂ ಇಪ್ಪತ್ತಾರು ದಿನ ಬದುಕಿದರು. ದಿನಾ ಬೆಳಿಗ್ಗೆ ಅತ್ತಿಗೆ ದಿಂಬಿನಡಿಯ ಕಾಗದ ತೆಗೆದು ತೋರಿಸುವರು, ಮೇಷ್ಟ್ರು ಸಹಿ ನೋಡಿ ಎಲ್ಲಿ ಎಷ್ಟು ನೋವಿದೆಯೆಂದು ಹೇಳುವರು, ಅದಕ್ಕೆ ತಕ್ಕ ಔಷಧಿ ಸಿಗುವುದು. ಬೀಗದಕ್ಕ ದಿನಾ ಬಂದಳು, ದಿನಾ ಆ ಹೊತ್ತಿಗೆ ಎದ್ದು ಆಚೆ ಹೋದಳು.

ಎಲ್ಲ ಮುಗಿದ ಮರುವಾರ ಅತ್ತಿಗೆ ಆ ಕಾಗದವನ್ನು ಅವಳ ಕೈಗೆ ಕೊಟ್ಟರು. "ಕೆಲಸ ಆದ್ಮೇಲೆ ವಾಪಸ್ ಕೊಡಬೇಕು, ಇಟ್ಕೊಳ್ಳೋ ಹಾಗಿಲ್ಲ ಅಂತ ಅವರೇ ಹೇಳಿದ್ರು." ಮೂಲೆಗಳು ಮೆತ್ತಗಾಗಿದ್ದವು, ಸಹಿಯ ಮೇಲೆ ಬೆರಳಿನ ಕಲೆಯಿತ್ತು. ನಿಯಮದ ಪ್ರಕಾರ ಯಂತ್ರಕ್ಕೆ ಹಾಕಬೇಕು. ಆದರೆ ಯಾವ ಪುಸ್ತಕದಲ್ಲೂ ನಂಬರಿಲ್ಲದ ಕಾಗದ ಅದು, ಲೆಕ್ಕಕ್ಕೇ ಇಲ್ಲದ್ದನ್ನು ನಾಶವಾಯಿತೆಂದು ಬರೆಯುವುದು ಹೇಗೆ? ಅವಳು ಅದನ್ನು ಹಿಡಿದುಕೊಂಡೇ ಬಂದು ಗಂಡನ ಕಾರಿನಲ್ಲಿ ಕೂತಳು.

"ಏನದು?" ಎಂದ ಗಂಡ. ಅವಳು ಏನಿಲ್ಲ ಎನ್ನಲಿಲ್ಲ, ಕಾಗದವನ್ನು ಅವನ ಕೈಗೆ ಕೊಟ್ಟಳು. ಅವನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಎರಡು ಸಲ ಓದಿದ.

"ನಾಲ್ಕು ವರ್ಷದ ಹಿಂದೆ ಅವರ ಮೇಲೆ ಬರೆದದ್ದೂ ನಾನೇ ಕಣ್ರೀ," ಎಂದಳು. "ಇದೇ ಸಹಿ. ಯಾರು ಅಂತ ನನ್ನನ್ನೇ ಕೇಳಿದ್ರು. ಹೇಳಲಿಲ್ಲ."

"ಇಷ್ಟು ವರ್ಷ ಒಬ್ಬಳೇ ಇಟ್ಕೊಂಡಿದ್ಯಾ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು, ಬಂದದ್ದು ಅಳು. ಅವನು ಕಾಗದವನ್ನು ಮಡಿಸಿ ಅವಳ ಮಡಿಲಲ್ಲಿಟ್ಟು ಎಂಜಿನ್ ಆರಿಸಿದ. ಮೂರು ಗಂಟೆಯ ಪಾಠದ ಹುಡುಗಿ ಎರಡು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.